ಅಮೋಘ ಎಂಬ ಭಾರದ ಮಾತು

ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಕಡೆ ಆಲೂಗಡ್ಡೆ ಬಿತ್ತುವವರನ್ನೋ ಹೊಗೆಸೊಪ್ಪಿನ ಸಸಿ ನೆಡುವವರನ್ನೋ ಮುಂಗಾರಿನ ಬಗ್ಗೆ ಕೇಳಿ ನೋಡಿ. ಮಳೆ ಹಿಡಿಯಿತು ಅನ್ನುತ್ತಾರೆ, ಕೈಕೊಟ್ಟಿತು ಅನ್ನುತ್ತಾರೆ. ಈ ವರ್ಷ ತಪ್ಪುವುದೇ ಇಲ್ಲ ಎಂದು ಎದೆ ತಟ್ಟಿ ಹೇಳುವವರು ಸಿಗುವುದು ಕಷ್ಟ. ಹೀಗೆ ಮಳೆಯನ್ನು ಕಾದೇ ಬದುಕುವ ಕನ್ನಡ ನೆಲದಲ್ಲಿ ಒಬ್ಬ ಅರಸ ಅಮೋಘವರ್ಷನೆಂಬ ಬಿರುದು ಹೊತ್ತಿದ್ದ.

ಮೋಘವೆಂದರೆ ವ್ಯರ್ಥ. ಅಮೋಘ ಅದಲ್ಲದ್ದು, ಹುಸಿಹೋಗದ್ದು. ಗುರಿ ತಪ್ಪದ ಬಾಣ ಅಮೋಘ, ಫಲಿಸಿಯೇ ತೀರುವ ವರ ಅಮೋಘ. ಎಂದೂ ಹುಸಿಯದ ಮಳೆ ಸುರಿಸುವವನು ಅಮೋಘವರ್ಷ.  

ರಾಷ್ಟ್ರಕೂಟರ ಈ ದೊರೆ 814ರಿಂದ 878ರವರೆಗೆ ಆಳಿದ. ನಾಡಿಗೆ ಕೇಡು ಬಂದಾಗ ತನ್ನ ಬೆರಳನ್ನೇ ಮಹಾಲಕ್ಷ್ಮಿಗೆ ಒಪ್ಪಿಸಿದನೆಂದು 871ರ ಸಂಜಾನ್ ತಾಮ್ರಪಟ ಹೇಳುತ್ತದೆ. ಬಿರುದಿನ ಬಲದಿಂದ ಕೇಡು ನಿಲ್ಲುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಇನ್ನೂ ಹೆಚ್ಚಿನದು ಅವನ ಆಸ್ಥಾನದಲ್ಲಿ ಶ್ರೀವಿಜಯ ರಚಿಸಿದ ‘ಕವಿರಾಜಮಾರ್ಗ’. ನಮಗೆ ಸಿಕ್ಕಿರುವ ಕನ್ನಡದ ಮೊದಲ ಗ್ರಂಥ ಅದು. ಅದರ ಮೊದಲ ಪರಿಚ್ಛೇದದ ಹೆಸರೇ ‘ದೋಷಾದೋಷಾನುವರ್ಣನ ನಿರ್ಣಯ’. ಕಾವ್ಯದಲ್ಲಿ ಯಾವುದು ತಪ್ಪು, ಯಾವುದು ತಪ್ಪಲ್ಲ ಎಂಬ ವಿಚಾರಣೆಯಿಂದಲೇ ಆರಂಭ! ಕನ್ನಡಿಗರ ಜಾಣತನವನ್ನು ಹೊಗಳಿದ ಕೈಯೇ, ಚೂರು ದೋಷ ಕಂಡರೂ ಬಿಡದೆ ಹಿಡಿದು ಇಡೀ ಕೃತಿಯನ್ನು ಹಳಿಯುವವರೂ ಇದ್ದಾರೆಂದು ಬರೆಯಿತು. ಅಮೋಘನೆನಿಸಿಕೊಂಡವನ ಸಭೆಯಲ್ಲಿ ತಪ್ಪನ್ನು ಕುರಿತು ಮಾತಾಡಲು ಅಂಜಿಕೆಯಿರಲಿಲ್ಲ. ಆ ಬಿರುದಿಗೆ ಘನತೆ ಬಂದದ್ದು ಇದರಿಂದ ಎಂದೇ ನಾನು ತಿಳಿದಿದ್ದೇನೆ.

ಈಗ ಶತಕ ಅಮೋಘ, ಭಾಷಣ ಅಮೋಘ, ಹಬ್ಬದ ರಿಯಾಯಿತಿಯೂ ಅಮೋಘ. ಬರೀ ‘ಭರ್ಜರಿ’ ಅನ್ನುವಲ್ಲಿ ಈ ಪದ ಸವೆಯುತ್ತಿದೆ. ಮಾತಿನ ಅರ್ಥ ಹಿಗ್ಗುವುದು ಸಹಜ, ಅದಕ್ಕೆ ನನ್ನ ತಕರಾರಿಲ್ಲ. ನಾಯಕರ ಹೆಸರಿನ ಹಿಂದೆ ಇದನ್ನು ಅಂಟಿಸಿ, ಅವರನ್ನು ಪ್ರಶ್ನಿಸಿದವರ ಬಾಯಿ ಮುಚ್ಚಿಸುವುದು ಮಾತ್ರ ಅನ್ಯಾಯ. ಬರೆಯುವವರೇ, ವೇದಿಕೆಯಲ್ಲಿ ಮೈಕ್ ಹಿಡಿಯುವವರೇ, ಮನುಷ್ಯರಿಗೆ ಈ ಪದ ಕೊಡುವ ಮುನ್ನ ಅವರ ಸಭೆಯಲ್ಲಿ ತಪ್ಪು ತೋರಿಸಲು ಜಾಗವಿದೆಯೇ ಎಂದು ದಯಮಾಡಿ ನೋಡಿ.