ಹೆಸರು ಓದಿದ ಮೇಲೆ

'ಹುಡುಗ ನಮ್ಮವನಾ?' ಯಾರದೋ ಕೆಲಸಕ್ಕೆ ಶಿಫಾರಸು ಹೇಳಲು ಹೋದಾಗ ಈ ಪ್ರಶ್ನೆ ನಮ್ಮಲ್ಲಿ ಎಷ್ಟು ಸಲೀಸಾಗಿ ಬರುತ್ತದೆ! ಕೇಳಿದವರಿಗೆ ಅದು ತಾರತಮ್ಯ ಅನ್ನಿಸುವುದೇ ಇಲ್ಲ. ಹೀಗೆ ಮಾತಿನಲ್ಲಿ ಬೆರೆತುಹೋದದ್ದನ್ನು ಅಳೆದು ತೋರಿಸುವುದು ಹೇಗೆಂದು ವಿದ್ವಾಂಸರು ಆರೇಳು ದಶಕಗಳಿಂದ ತಲೆಕೆಡಿಸಿಕೊಂಡಿದ್ದಾರೆ.

ಅಮೆರಿಕದ ಗ್ಯಾರಿ ಬೆಕರ್ 1957ರಲ್ಲಿ ಪ್ರಕಟಿಸಿದ ಪುಸ್ತಕ ಈ ವಿಷಯವನ್ನು ಅರ್ಥಶಾಸ್ತ್ರದೊಳಗೆ ತಂದಿತು. ಪೂರ್ವಗ್ರಹ ಇಟ್ಟುಕೊಂಡ ಮಾಲೀಕ ಅದಕ್ಕೆ ಬೆಲೆ ತೆರುತ್ತಾನೆ, ಪೈಪೋಟಿಯಲ್ಲಿ ಹಿಂದೆ ಬೀಳುತ್ತಾನೆ ಎಂಬುದು ಅವರ ವಾದದ ತಿರುಳು. ಮಾರುಕಟ್ಟೆಯ ಮೇಲಿನ ಈ ಭರವಸೆ ಅತಿಯಾಯಿತೆಂದೇ ನನ್ನ ಅನಿಸಿಕೆ. 1973ರಲ್ಲಿ ಓಹಾಕಾ ಮತ್ತು ಬ್ಲೈಂಡರ್, ಸಂಬಳದ ಅಂತರದಲ್ಲಿ ಓದು, ಅನುಭವದಿಂದ ಬಂದದ್ದೆಷ್ಟು, ಮಿಕ್ಕದ್ದೆಷ್ಟು ಎಂದು ಬಿಡಿಸುವ ಲೆಕ್ಕ ಕಂಡುಕೊಂಡರು. ಬೆಂಗಳೂರಿನ ಐಸೆಕ್ ಸಂಸ್ಥೆಯ ಎಸ್. ಮಾದೇಶ್ವರನ್ ಅವರು ಪಾಲ್ ಅಟೆವೆಲ್ ಜೊತೆ ಸೇರಿ 2007ರಲ್ಲಿ ಇಂಥ ಲೆಕ್ಕವನ್ನೇ ನಮ್ಮ ನಗರಗಳಿಗೆ ಹಚ್ಚಿದರು. ಸಂಬಳದ ನೌಕರಿಯಲ್ಲಿ ಸಮಾನ ಅರ್ಹತೆಯಿದ್ದರೂ ಪರಿಶಿಷ್ಟರಿಗೆ ಸುಮಾರು ಶೇ. 15ರಷ್ಟು ಕಡಿಮೆ ಸಿಗುತ್ತಿತ್ತು.

ಮಿಕ್ಕದ್ದೆಲ್ಲ ತಾರತಮ್ಯವೇ ಎಂದು ಹೇಗೆ ಹೇಳುತ್ತೀರಿ ಎಂಬ ತಕರಾರು ಇದ್ದೇ ಇತ್ತು. ಅದಕ್ಕೆ ಉತ್ತರ ಬೀದಿಗಿಳಿದ ಪ್ರಯೋಗಗಳಲ್ಲಿತ್ತು. 1960ರ ದಶಕದ ಇಂಗ್ಲೆಂಡಿನಲ್ಲಿ ಒಂದೇ ಬಗೆಯ ಅರ್ಹತೆ ಹೇಳಿಕೊಂಡು ಒಬ್ಬ ಇಂಗ್ಲಿಷಿನವ, ಒಬ್ಬ ಹಂಗೇರಿಯವ, ಒಬ್ಬ ವೆಸ್ಟ್ ಇಂಡಿಯನ್ ಕೆಲಸ ಕೇಳಲು ಹೋದರು. ಹಂಗೇರಿಯವನನ್ನು ಸೇರಿಸಿಕೊಂಡದ್ದರಲ್ಲೇ ಜಾಣತನ. ಅವನೂ ಪರದೇಶಿ, ಆದರೆ ಬಿಳಿಯ. ಕಪ್ಪು ಅಭ್ಯರ್ಥಿಗಿಂತ ಅವನಿಗೆ ಬಾಗಿಲು ಎಷ್ಟೋ ಹೆಚ್ಚು ತೆರೆಯಿತು. 'ಹೊರಗಿನವರು, ಅದಕ್ಕೇ' ಎಂಬ ನೆಪ ಅಲ್ಲಿಗೆ ಬಿದ್ದುಹೋಯಿತು. ಈ ಪ್ರಯೋಗದ ವರದಿ ಬಂದ ಬೆನ್ನಿಗೇ ಅಲ್ಲಿನ 1968ರ ಜನಾಂಗೀಯ ತಾರತಮ್ಯ ತಡೆ ಕಾಯ್ದೆ ಉದ್ಯೋಗವನ್ನೂ ವ್ಯಾಪ್ತಿಗೆ ತಂದುಕೊಂಡಿತು.

ಆಮೇಲೆ ಮನುಷ್ಯರ ಬದಲು ಅರ್ಜಿಗಳೇ ಹೋಗತೊಡಗಿದವು. ಬೋಸ್ಟನ್, ಶಿಕಾಗೋಗಳಲ್ಲಿ ಬರ್ಟ್ರಾಂಡ್ ಮತ್ತು ಸೆಂಧಿಲ್ ಮುಲ್ಲೈನಾಥನ್ ನಡೆಸಿ 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬಿಳಿಯರ ಹೆಸರಿನ ಅರ್ಜಿಗೆ ಶೇ. 50ರಷ್ಟು ಹೆಚ್ಚು ಕರೆ ಬಂತು.

ನಮ್ಮ ದೇಶದಲ್ಲಿ ಸುಖದೇವ್ ಥೋರಟ್ ಮತ್ತು ಅಟೆವೆಲ್ 66 ವಾರಗಳ ಕಾಲ, 548 ಜಾಹೀರಾತುಗಳಿಗೆ 4,808 ಅರ್ಜಿ ಹಾಕಿ ನೋಡಿದರು. ಖಾಸಗಿ ಕಂಪನಿಗಳು, ಸಮಾನ ಅರ್ಹತೆ, ಹೆಸರು ಮಾತ್ರ ಬೇರೆ. ಮೇಲ್ಜಾತಿಯ ಹೆಸರಿಗೆ ಕರೆ ಬರುವ ಸಂಭವವನ್ನು 1 ಎಂದಿಟ್ಟುಕೊಂಡರೆ ದಲಿತ ಹೆಸರಿಗೆ 0.67, ಮುಸ್ಲಿಂ ಹೆಸರಿಗೆ 0.33. ದೆಹಲಿಯ ಸಾಫ್ಟ್‌ವೇರ್ ಕೆಲಸಗಳ ಮೇಲೆ 2009ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನಕ್ಕೆ ಇಂಥ ಅಂತರ ಕಾಣಲಿಲ್ಲ ಎಂಬುದನ್ನೂ ಹೇಳಬೇಕು.

ಆದರೆ ಅರ್ಜಿ ಪ್ರಯೋಗ ಸಂದರ್ಶನದ ಬಾಗಿಲಲ್ಲೇ ನಿಲ್ಲುತ್ತದೆ. ಒಳಗೇನಾಗುತ್ತದೆಂದು ಸುರಿಂದರ್ ಜೋಧ್ಕಾ ಮತ್ತು ಕ್ಯಾಥರೀನ್ ನ್ಯೂಮನ್ ಎಚ್‌ಆರ್ ಮ್ಯಾನೇಜರುಗಳನ್ನೇ ಕೇಳಿದರು. ಎಲ್ಲರ ಬಾಯಲ್ಲೂ ಪ್ರತಿಭೆಯ ಜಪ. ಆದರೂ ಮನೆತನದ ವಿಚಾರ ಬಹುಪಾಲು ಎಲ್ಲರೂ ಕೇಳುತ್ತಿದ್ದರು.

ಹಳೇ ಮೈಸೂರು ಕಡೆ ಹೆಸರಿನ ಹಿಂದೆ ಊರಿನದೋ ಅಪ್ಪನದೋ ಇನಿಷಿಯಲ್ ಇರುವುದೇ ಹೆಚ್ಚು. ಉತ್ತರದ ಹಾಗೆ ಅಡ್ಡಹೆಸರಿನಿಂದ ಜಾತಿ ಹಿಡಿಯುವುದು ಕಷ್ಟ. ಅದಕ್ಕೇ 'ಯಾವೂರು?', 'ತಂದೆ ಏನು ಮಾಡ್ತಾರೆ?' ಎಂದು ಶುರುವಾಗಿ 'ಯಾವ ಪೈಕಿ?' ಎಂಬಲ್ಲಿಗೆ ಮಾತು ಮುಟ್ಟುತ್ತದೆ. ಮುಸ್ಲಿಂ ಹುಡುಗಿಗೆ ಇನಿಷಿಯಲ್ಲಿನ ಈ ಮರೆಯೂ ಇಲ್ಲ. ಅರ್ಜಿಯ ಮೊದಲ ಸಾಲಿನಲ್ಲೇ ಅವಳ ಗುರುತು ಸಿಕ್ಕಿರುತ್ತದೆ.