ಕೈಯಿಂದ ಕೈಗೆ ದಾಟದ ಆಟ

ಬೆಳಗಾವಿಯ ಕ್ಯಾಂಪ್ ದಾಟಿ ಪಡುವಣಕ್ಕೆ ವೆಂಗುರ್ಲಾ ರಸ್ತೆ ಹಿಡಿದರೆ ಹಿಂಡಲಗಾ ಸಿಗುತ್ತದೆ. 1923ರಲ್ಲಿ ಕಟ್ಟಿದ ಕೇಂದ್ರ ಕಾರಾಗೃಹದಿಂದ ನಾಡಿಗೆಲ್ಲ ಪರಿಚಿತವಾದ ಈ ಊರು ಈಗ ನಗರದ ಬಡಾವಣೆಗಳೊಳಗೆ ಬೆರೆತುಹೋಗಿದೆ. ಅದೇ ರಸ್ತೆ ಮುಂದೆ ಶಿನೋಳಿ ದಾಟಿ, ಅಂಬೋಲಿ ಘಟ್ಟ ಇಳಿದು, ಸಾವಂತವಾಡಿಯ ಮೂಲಕ ವೆಂಗುರ್ಲಾ ಬಂದರನ್ನು ಮುಟ್ಟುತ್ತದೆ. 1818ರಲ್ಲಿ ಬೆಳಗಾವಿ ಕೋಟೆ ಬ್ರಿಟಿಷರ ವಶವಾದ ಮೇಲೆ, ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿಯ ದಂಡಿಗೆ ಬೇಕಾದ ಸರಕು ಬಂದರಿನಿಂದ ಈ ಘಟ್ಟ ಹತ್ತಿ ಬರುತ್ತಿತ್ತು. ಇಂದು ಈ ಭಾಗದ ಮನೆಗಳಿಗೆ ಹೊಸ ಆಟ ಬರಲು ರಸ್ತೆಯೇ ಬೇಕಿಲ್ಲ. ಟಿವಿಗೆ ಜೋಡಿಸಿದ ಪ್ಲೇಸ್ಟೇಷನ್ನಿನಲ್ಲೋ ಎಕ್ಸ್‌ಬಾಕ್ಸಿನಲ್ಲೋ ಅಂಗಡಿಯ ಪರದೆ ತೆರೆದು, ಹಣ ಕಟ್ಟಿದರೆ ಆಟ ತಂತಿಯ ಮೂಲಕ ಇಳಿದುಬರುತ್ತದೆ. ಯಾವುದನ್ನು ಇಳಿಸಿಕೊಳ್ಳಬೇಕು ಎಂದು ತಂದೆ-ತಾಯಿ ತಿಳಿದವರನ್ನು ಕೇಳುತ್ತಾರೆ. ಈ ಪ್ರಶ್ನೆ ಮೇಲ್ನೋಟಕ್ಕೆ ಹೊಸದು. ಆದರೆ ಮನೆಗೆ ಯಾವ ಆಟ ಒಳ್ಳೆಯದು ಎಂದು ಸೂಚಿಸುವ ಪದ್ಧತಿಗೆ ನಮ್ಮಲ್ಲಿ ಒಂಬೈನೂರು ವರ್ಷಗಳ ಹಿನ್ನೆಲೆಯಿದೆ. ಆ ಚರಿತ್ರೆ ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತದೆ: ಬಾಳಿದ್ದು ದೊಡ್ಡವರು ಮೆಚ್ಚಿದ ಆಟವಲ್ಲ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಬಲ್ಲ ಆಟ. ಇಳಿಸಿಕೊಳ್ಳುವ ಆಟ ಈ ದಾಟುವಿಕೆಯನ್ನು ಮೊದಲ ಸಲ ನಿಯಮದಿಂದಲೇ ತಡೆದಿದೆ. ಆದ್ದರಿಂದ ಅಂಥ ಆಟವನ್ನು ಸೂಚಿಸುವವರ ಹೊಣೆಯೂ ಬದಲಾಗಬೇಕು ಎಂಬುದು ನನ್ನ ವಾದ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಇಪ್ಪತ್ತು ಇಪ್ಪತ್ತು ಅಧ್ಯಾಯಗಳ ಐದು ಭಾಗಗಳಿವೆ. ಕೊನೆಯ ಭಾಗ ಪೂರ್ತಿ ಕ್ರೀಡೆಗೆ ಮೀಸಲು. ಚದುರಂಗ, ಪಾಸೆ, ಕವಡೆಯಾಟಗಳು ಅಲ್ಲಿ ಅರಸನ ಬಿಡುವಿನ ವೇಳೆಗೆ ತಕ್ಕ ಆಟಗಳಾಗಿ ವಿವರವಾಗಿ ಬರುತ್ತವೆ. ಸುಮಾರು ಏಳು ಶತಮಾನಗಳ ನಂತರ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಒಂದಾದ ‘ಕೌತುಕನಿಧಿ’ಯನ್ನು ಆಟಗಳಿಗೇ ಕೊಟ್ಟರು. ಚದುರಂಗದ ಕುದುರೆ ಪ್ರತಿ ಮನೆಗೂ ಒಮ್ಮೆ ಮಾತ್ರ ಕಾಲಿಡುವ ಸಂಚಾರದ ಬಂಧಗಳಲ್ಲಿ ಅವರಿಗೆ ತುಂಬ ಆಸಕ್ತಿಯಿತ್ತು. ಅವರು ಬಣ್ಣಿಸಿದ ಗಂಜೀಫಾ ಎಲೆಗಳ ಆಟಗಳಲ್ಲಿ ಅತಿ ದೊಡ್ಡದಕ್ಕೆ 360 ಎಲೆಗಳು ಬೇಕು. ಒಂದೊಂದು ಎಲೆಯನ್ನೂ ಚಿತ್ರಗಾರ ಕೈಯಿಂದ ಬರೆಯಬೇಕು. ಈ ಶ್ರಮದ ಫಲ ಇಂದು ಸಂಗ್ರಹಾಲಯಗಳಲ್ಲಿ, ಚಿತ್ರಕಲೆಯ ಅಭ್ಯಾಸದಲ್ಲಿ ಉಳಿದಿದೆ. ಮನೆಗಳಲ್ಲಿ ಅದನ್ನು ಆಡುವವರು ಉಳಿಯಲಿಲ್ಲ. ಅದೇ ಕಾಲದಲ್ಲಿ ಯಾವ ಅರಸನ ಶಿಫಾರಸೂ ಇಲ್ಲದೆ ಚೌಕಾಬಾರ ಬದುಕಿತು. ಅದಕ್ಕೆ ಸೀಮೆಸುಣ್ಣದ ನಾಲ್ಕು ಗೆರೆ, ನಾಲ್ಕು ಕವಡೆ, ಕವಡೆ ಇಲ್ಲದಿದ್ದರೆ ತೇಯ್ದ ಹುಣಸೆಬೀಜ ಸಾಕು. ದೇವಸ್ಥಾನಗಳ ಕಲ್ಲುಹಾಸಿನ ಮೇಲೆ ಕೊರೆದ ಹುಲಿ-ಕುರಿ ಆಟದ ಮನೆಗಳು ಹಂಪಿಯಿಂದ ಹಿಡಿದು ನಾಡಿನ ಅನೇಕ ಕಡೆ ಇಂದಿಗೂ ಕಾಣುತ್ತವೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಯುಗಾದಿ ಬಂತೆಂದರೆ ಪಗಡೆ ಹಾಸು ಹೊರಗೆ ಬರುತ್ತದೆ. ಇವನ್ನು ಕಲಿಸಲು ಜೊತೆಗೆ ಕೂತ ಹಿರಿಯರೊಬ್ಬರು ಇದ್ದರೆ ಆಯಿತು.

ಹಿಂಡಲಗಾದ ಮುಂದೆ ಸಾಗುವ ಆ ರಸ್ತೆಯಲ್ಲೇ ಸಿಗುವ ಸಾವಂತವಾಡಿ ಈ ಮಾತಿಗೆ ಬೇರೊಂದು ಬಗೆಯ ಸಾಕ್ಷಿ. ಅಲ್ಲಿಯ ಅರಗಿನ ಕುಸುರಿಗಾರರು ಬಹುಕಾಲ ದಶಾವತಾರ ಗಂಜೀಫಾ ಮಾಡಿದರು. ಹತ್ತು ಅವತಾರಕ್ಕೆ ಹತ್ತು ಪಂಗಡ, ಪಂಗಡಕ್ಕೆ ರಾಜ, ಮಂತ್ರಿ ಸೇರಿ ಹನ್ನೆರಡು, ಒಟ್ಟು 120 ದುಂಡು ಎಲೆ. ಮೀನು, ಆಮೆ, ಹಂದಿ, ನರಸಿಂಹ ಎಂದು ಚಿತ್ರ ನೋಡಿಯೇ ಗುರುತಿಸುವ ಎಲೆಗಳಿಗೆ ಭಾಷೆಯ ಹಂಗಿಲ್ಲ. ಕನ್ನಡ, ಮರಾಠಿ, ಕೊಂಕಣಿ ಒಂದೇ ಸಂತೆಯಲ್ಲಿ ಕೇಳಿಬರುವ ಈ ಗಡಿಸೀಮೆಗೆ ಅದು ತಕ್ಕ ಗುಣ. ಆದರೂ ಅಚ್ಚಿನ ಯಂತ್ರದಿಂದ ಬಂದ 52 ಎಲೆಗಳ ಇಸ್ಪೀಟು ಅಗ್ಗದಲ್ಲಿ ಸಿಕ್ಕಾಗ ಗಂಜೀಫಾ ಹಿಂದೆ ಸರಿಯಿತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಾವಂತವಾಡಿಯ ರಾಜಮನೆತನ ಅರಮನೆಯಲ್ಲೇ ಕುಸುರಿಗಾರರಿಗೆ ಜಾಗ ಕೊಟ್ಟು ಕಲೆಯನ್ನು ಉಳಿಸಿತು. ಹೀಗೆ ಕಲೆ ಉಳಿದರೂ ಆಟ ಮೊದಲಿನಂತೆ ಮನೆಮನೆಗೆ ಹಿಂದಿರುಗಲಿಲ್ಲ. ಆದರೆ ಇಲ್ಲಿ ಗಮನಿಸಬೇಕಾದದ್ದು ಬೇರೆ. ಗಂಜೀಫಾ ಹಿಂದೆ ಸರಿದಾಗ ಯಾರ ಪೆಟ್ಟಿಗೆಯಿಂದಲೂ ಎಲೆಗಳು ಮಾಯವಾಗಲಿಲ್ಲ. ಹಳೆಯ ಕಟ್ಟುಗಳು ಉಳಿದಿದ್ದರಿಂದಲೇ ಕಲೆಯನ್ನು ಮತ್ತೆ ಎತ್ತಿಕೊಳ್ಳಲು ಸಾಧ್ಯವಾಯಿತು. ಬಳಕೆ ನಿಂತ ಮೇಲೂ ವಸ್ತು ಉಳಿದರೆ ಮರಳುವ ದಾರಿ ತೆರೆದಿರುತ್ತದೆ.

ಟಿವಿಗೆ ಜೋಡಿಸಿ ಆಡುವ ಪೆಟ್ಟಿಗೆ, ಅಂದರೆ ಕನ್ಸೋಲ್, ನಮ್ಮ ಮಧ್ಯಮವರ್ಗದ ಮನೆಗೆ ಬಂದದ್ದು ಮುಖ್ಯವಾಗಿ 1990ರ ದಶಕದಲ್ಲಿ. ನಿಂಟೆಂಡೊ ಕಂಪನಿ 1983ರಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿದ ಫ್ಯಾಮಿಕಾಮ್‌ನ ನಕಲುಗಳು ಭಾರತದಲ್ಲಿ ಮೀಡಿಯಾ ಮುಂತಾದ ಹೆಸರಿನಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಮಾರಾಟವಾದವು. ಒಂದೇ ಕ್ಯಾಸೆಟ್ಟಿನಲ್ಲಿ ಸಾವಿರಾರು ಆಟ ಎಂದು ಅಚ್ಚುಹಾಕಿದ್ದರೂ ಒಳಗಿದ್ದದ್ದು ಮಾರಿಯೊ, ಕಾಂಟ್ರಾ, ಬಾತುಕೋಳಿ ಬೇಟೆಯಂಥ ಕೆಲವೇ ಆಟಗಳು, ಅವುಗಳದ್ದೇ ಪುನರಾವರ್ತನೆ. ಆ ಕಾಲದಲ್ಲಿ ಶಿಫಾರಸು ಎಂದರೆ ಅಂಗಡಿಯವರ ಮಾತು, ಇಲ್ಲವೇ ಓಣಿಯ ಗೆಳೆಯರ ಮಾತು. ಕ್ಯಾಸೆಟ್ ಬಾಡಿಗೆಗೆ ಹೋಗುತ್ತಿತ್ತು, ಅದಲು ಬದಲಾಗುತ್ತಿತ್ತು, ಅಣ್ಣ ಕಾಲೇಜಿಗೆ ಹೋದ ಮೇಲೆ ತಮ್ಮನದಾಗುತ್ತಿತ್ತು. ಇಡೀ ಒಂದು ಪೀಳಿಗೆ ಒಂದೇ ಹಿಡಿಯಷ್ಟು ಆಟಗಳನ್ನು ಬಾಯಿಪಾಠದಂತೆ ಬಲ್ಲದು ಎಂದರೆ ಅದಕ್ಕೆ ಕಾರಣ ಆ ಕ್ಯಾಸೆಟ್ಟುಗಳ ಸಂಚಾರ. ಇವುಗಳಲ್ಲಿ ಹೆಚ್ಚಿನವು ಅನುಮತಿಯಿಲ್ಲದ ನಕಲು, ಮಾಡಿದವರಿಗೆ ಕಾಸೂ ಸೇರಲಿಲ್ಲ ಎಂಬುದು ನಿಜ. ಅದನ್ನು ಸಮರ್ಥಿಸುವುದು ನನ್ನ ಉದ್ದೇಶವಲ್ಲ. ನಕಲಿನ ತಪ್ಪು ಬೇರೆ, ಕೊಂಡ ವಸ್ತುವನ್ನು ಇನ್ನೊಬ್ಬರಿಗೆ ಕೊಡುವ ಹಕ್ಕು ಬೇರೆ. ಮೊದಲನೆಯದನ್ನು ತಡೆಯುವ ಭರದಲ್ಲಿ ಎರಡನೆಯದನ್ನೂ ಕಳೆದುಕೊಂಡದ್ದು ಮುಂದಿನ ಕತೆ.

ಎಕ್ಸ್‌ಬಾಕ್ಸ್ 360 ಭಾರತಕ್ಕೆ 2006ರಲ್ಲಿ, ಪ್ಲೇಸ್ಟೇಷನ್ 3 2007ರಲ್ಲಿ ಅಧಿಕೃತವಾಗಿ ಬಂದವು. ಆದರೂ ಬೆಲೆಯ ಕಾರಣದಿಂದ ಹಳೆಯ ಪ್ಲೇಸ್ಟೇಷನ್ 2 ಇನ್ನೂ ಹಲವು ವರ್ಷ ಇಲ್ಲಿ ನಡೆಯಿತು. ಅದಕ್ಕಾಗಿಯೇ ಹೈದರಾಬಾದಿನ ಸ್ಟುಡಿಯೊಗಳು 2009ರಲ್ಲಿ ‘ಹನುಮಾನ್: ಬಾಯ್ ವಾರಿಯರ್’ ಮತ್ತು ‘ದೇಸಿ ಅಡ್ಡಾ’ ಎಂಬ ಆಟಗಳನ್ನು ಮಾಡಿದವು. ಎರಡನೆಯದರಲ್ಲಿ ಕಬಡ್ಡಿ, ಚಿನ್ನಿದಾಂಡು, ಗಾಳಿಪಟಗಳೇ ಆಟದ ಸಾಮಗ್ರಿ. ಅವು ತಾಂತ್ರಿಕವಾಗಿ ಜಗತ್ತಿನ ಎತ್ತರಕ್ಕೆ ಏರಲಿಲ್ಲವಾದರೂ ಡಿಸ್ಕುಗಳಾಗಿ ಮನೆ ಸೇರಿದ್ದವು. ಆ ಅಂಗಡಿ ಇರಲಿ ಬಿಡಲಿ, ಆ ಕಂಪನಿ ಇರಲಿ ಬಿಡಲಿ, ಡಿಸ್ಕು ಮತ್ತು ಪೆಟ್ಟಿಗೆ ಸರಿಯಿದ್ದರೆ ಇಂದೂ ಆಡಬಹುದು. ಭಾರತೀಯ ಆಟಗಳ ಚರಿತ್ರೆ ಬರೆಯುವವರಿಗೆ ಆ ಡಿಸ್ಕುಗಳೇ ಆಧಾರ.

ಇದೇ ಹೊತ್ತಿಗೆ ಬೇರೆ ದೇಶಗಳಲ್ಲಿ ಕನ್ಸೋಲಿನೊಳಗಿನ ಅಂಗಡಿ ಬೆಳೆಯುತ್ತಿತ್ತು. ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಲೈವ್ ಆರ್ಕೇಡ್ ಮೊದಲು ಒಂದು ಆಟಕ್ಕೆ 50 ಎಂಬಿ ಮಿತಿ ಹಾಕಿತ್ತು. 2008ರಲ್ಲಿ ಬಂದ, ನಿಂಟೆಂಡೊದ ವೀ ಕನ್ಸೋಲಿನ ವೀವೇರ್‌ನಲ್ಲಿ ಮಿತಿ 40 ಎಂಬಿ. ಈ ಇಕ್ಕಟ್ಟು ಒಂದು ಹೊಸ ಬಗೆಯ ಆಟವನ್ನೇ ಹುಟ್ಟಿಸಿತು. ಟುಡಿ ಬಾಯ್ ಎಂಬ ಪುಟ್ಟ ತಂಡ ಮಾಡಿದ ‘ವರ್ಲ್ಡ್ ಆಫ್ ಗೂ’ ಆ ಮಿತಿಯೊಳಗೇ ಒಂದು ಮೇರುಕೃತಿ. ಅದೇ ವರ್ಷದ ‘ಬ್ರೇಡ್’ ಕಾಲವನ್ನೇ ಹಿಂದೆ ತಿರುಗಿಸುವ ಒಗಟುಗಳಿಂದ ಹೆಸರು ಮಾಡಿತು. ದೊಡ್ಡ ಪ್ರಕಾಶಕರಿಲ್ಲದೆ, ಗೋದಾಮಿಲ್ಲದೆ ಆಟ ನೇರವಾಗಿ ಮನೆ ಸೇರುವ ದಾರಿ ತೆರೆಯಿತು. ನಮ್ಮ ಊರುಗಳಿಗೆ ಅದು ನಿಜವಾಗಿ ತಲುಪಿದ್ದು ತಡವಾಗಿ. 2016ರಲ್ಲಿ ಜಿಯೊ ಡೇಟಾದ ಬೆಲೆ ಇಳಿಸಿದ ಮೇಲೆ, ನಂತರ ಮನೆಮನೆಗೆ ಫೈಬರ್ ಬಂದ ಮೇಲೆ, ಹತ್ತಾರು ಜಿಬಿಯ ಆಟವನ್ನು ಒಂದು ರಾತ್ರಿಯಲ್ಲಿ ಇಳಿಸುವುದು ಸಾಧ್ಯವಾಯಿತು.

ತೆರೆದ ಅಂಗಡಿಗಳು ಒಂದೊಂದಾಗಿ ಮುಚ್ಚಿದಾಗ ಈ ಅನುಕೂಲದ ಬೆಲೆ ತಿಳಿಯಿತು. ವೀ ಅಂಗಡಿ 2019ರ ಜನವರಿಯಲ್ಲಿ ಮುಚ್ಚಿತು. ಅದೇ ಕಂಪನಿಯ ವೀ ಯು ಮತ್ತು 3ಡಿಎಸ್ ಅಂಗಡಿಗಳಲ್ಲಿ 2023ರ ಮಾರ್ಚ್‌ನಲ್ಲಿ ಮಾರಾಟ ನಿಂತಿತು. ಎಕ್ಸ್‌ಬಾಕ್ಸ್ 360ರ ಅಂಗಡಿ 2024ರ ಜುಲೈ 29ರಂದು ಬಾಗಿಲು ಹಾಕಿತು. 2010ರಲ್ಲಿ ಇಳಿಸಿಕೊಳ್ಳಲು ಸಿಗುತ್ತಿದ್ದ ‘ಸ್ಕಾಟ್ ಪಿಲ್ಗ್ರಿಮ್’ ಆಟ 2014ರ ಕೊನೆಗೆ ಅಂಗಡಿಗಳಿಂದ ಮಾಯವಾಗಿ, 2021ರ ಜನವರಿಯಲ್ಲಷ್ಟೇ ಮರಳಿತು. ನಾಲ್ವರು ಒಂದೇ ಟಿವಿಯ ಮುಂದೆ ಕೂತು ಆಡುವ ಆ ಆಟವನ್ನು ನಡುವಿನ ಆರು ವರ್ಷ ಹೊಸಬರು ಕೊಳ್ಳಲು ದಾರಿಯೇ ಇರಲಿಲ್ಲ. ಡಿಸ್ಕು ಇದ್ದರೂ ಕಂಪನಿಯ ಸರ್ವರಿಲ್ಲದೆ ತೆರೆಯದ ‘ದಿ ಕ್ರೂ’ ಎಂಬ ಕಾರು ಓಟದ ಆಟವನ್ನು 2024ರ ಮಾರ್ಚ್ 31ಕ್ಕೆ ನಿಲ್ಲಿಸಿದಾಗ, ಕೊಂಡವರ ಕೈಯಲ್ಲೂ ಆಟ ಉಳಿಯಲಿಲ್ಲ. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ದೇಶದಲ್ಲಿ 2010ಕ್ಕೆ ಮುಂಚೆ ಬಂದ ಆಟಗಳಲ್ಲಿ ಶೇಕಡ 87 ಆ ಹೊತ್ತಿಗೆ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಹಣ ಕೊಟ್ಟರೂ ಸಿಗುವುದು ಪರವಾನಗಿ ಮಾತ್ರ ಎಂಬುದನ್ನು ಗಿರಾಕಿಗೆ ಸ್ಪಷ್ಟವಾಗಿ ಹೇಳಬೇಕೆಂದು ಕ್ಯಾಲಿಫೋರ್ನಿಯಾ ರಾಜ್ಯ 2024ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ಆ ಪರವಾನಗಿ ಒಂದು ಖಾತೆಗೆ ಅಂಟಿಕೊಂಡಿರುತ್ತದೆ. ಅದನ್ನು ಮಾರುವಂತಿಲ್ಲ, ನೆರೆಮನೆಯ ಮಗುವಿಗೆ ಉಡುಗೊರೆಯಾಗಿ ದಾಟಿಸುವಂತಿಲ್ಲ.

ನನ್ನ ವಾದಕ್ಕೆ ಬಲವಾದ ಮೊದಲ ಆಕ್ಷೇಪ ಆಟ ಮಾಡುವವರ ಕಡೆಯಿಂದ ಬರುತ್ತದೆ. ಬೆಂಗಳೂರಿನಲ್ಲಿ 1997ರಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ದಶಕಗಟ್ಟಲೆ ಹೊರದೇಶದ ಕಂಪನಿಗಳ ಆಟಗಳಿಗೆ ಚಿತ್ರ ಬರೆಯಿತು. ಫೋರ್ಜಾ ಸರಣಿಯ ಕಾರುಗಳಲ್ಲಿ ಕನ್ನಡನಾಡಿನ ಕಲಾವಿದರ ಕೈಚಳಕವಿದ್ದರೂ ಮುಖಪುಟದ ಮೇಲಿನ ಹೆಸರು ಬೇರೆಯವರದು. ಬೆಳಗಾವಿಯ ಮೂಲಕ ಹಾಯುವ ಹೆದ್ದಾರಿಯ ಇನ್ನೊಂದು ದಿಕ್ಕಿನ ಪುಣೆಯಲ್ಲಿ ನಾಡಿಂಗ್ ಹೆಡ್ಸ್ ಎಂಬ ತಂಡ ‘ರಾಜಿ: ಆನ್ ಏನ್ಷಂಟ್ ಎಪಿಕ್’ ಮಾಡಿ 2020ರಲ್ಲಿ ನಿಂಟೆಂಡೊದ ಸ್ವಿಚ್ ಕನ್ಸೋಲಿನ ಅಂಗಡಿಯಲ್ಲಿ, ಆಮೇಲೆ ಉಳಿದ ಕನ್ಸೋಲುಗಳಲ್ಲಿ ಬಿಡುಗಡೆ ಮಾಡಿತು. ತಮ್ಮನನ್ನು ಅಸುರರಿಂದ ಬಿಡಿಸಲು ಹೊರಟ ಹುಡುಗಿಯ ಆ ಕತೆ ತನ್ನದೇ ಹೆಸರಿನಲ್ಲಿ ಜಗತ್ತನ್ನು ಸುತ್ತಲು ಡೌನ್‌ಲೋಡ್ ಅಂಗಡಿಯೇ ದಾರಿ ಮಾಡಿತು. ಈ ಉಪಕಾರವನ್ನು ಮರೆಯುವಂತಿಲ್ಲ. ಆದರೆ ಮಾರುವ ದಾರಿ ಸಲೀಸಾಗುವುದಕ್ಕೂ, ಮಾರಿದ ಮೇಲೆ ಕೊಂಡವರ ಹಕ್ಕು ಕುಗ್ಗುವುದಕ್ಕೂ ಅನಿವಾರ್ಯವಾದ ನಂಟಿಲ್ಲ. ಸಂಗೀತ ಇದನ್ನು ತೋರಿಸಿದೆ. ಬೀಗವಿಲ್ಲದ ಕಡತವಾಗಿ ಹಾಡನ್ನು ಮಾರುವ ಪದ್ಧತಿ ಬಂದ ಮೇಲೂ ಹಾಡುಗಾರರು ಮಾರುತ್ತಲೇ ಇದ್ದಾರೆ. ಗಣಕಯಂತ್ರದ ಆಟಗಳನ್ನು ಬೀಗವಿಲ್ಲದೆ ಮಾರುವ ಜಿಒಜಿ ಅಂಗಡಿ 2008ರಿಂದ ನಡೆದುಬಂದಿದೆ. ಕನ್ಸೋಲಿನ ಅಂಗಡಿ ಹಾಗೆ ಮಾಡದಿರುವುದು ವ್ಯಾಪಾರದ ಆಯ್ಕೆ, ತಂತ್ರಜ್ಞಾನದ ವಿಧಿಯಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಸಹಜವಾದದ್ದು. ಆಟ ಇರುವುದು ಆಡಿ ಮುಗಿಸಲು, ಕಾಪಿಡಲು ಅಲ್ಲ. ಒಂದು ರಜೆಯ ಸಂತೋಷ ಸಿಕ್ಕರೆ ಸಾಕಲ್ಲವೇ ಎನ್ನುತ್ತಾರೆ. ಎರಡು ಮೂರು ವರ್ಷಕ್ಕೊಮ್ಮೆ ವರ್ಗವಾಗುವ ಸೈನಿಕರ ಕುಟುಂಬಗಳು ಬೆಳಗಾವಿಯಲ್ಲಿ ಬಹಳ. ಅಂಥ ಮನೆಗೆ ಡಿಸ್ಕುಗಳ ಗಂಟಿಗಿಂತ ಖಾತೆಯಲ್ಲಿ ಕೂತ ಆಟವೇ ಅನುಕೂಲ ಎಂಬುದೂ ಸರಿ. ಆದರೆ ಪಗಡೆ, ಚೌಕಾಬಾರಗಳ ಬೆಲೆ ಒಂದು ಸಂಜೆಯ ಮೋಜಿನಲ್ಲಷ್ಟೇ ಇರಲಿಲ್ಲ. ಅಜ್ಜಿ ಮೊಮ್ಮಗಳಿಗೆ ಸೋಲಲು ಕಲಿಸುವುದು, ಆಟ ಬಾರದ ಅತಿಥಿ ಅರ್ಧ ಗಳಿಗೆಯಲ್ಲಿ ಮನೆಯವನಾಗುವುದು, ಒಂದು ಹಬ್ಬದ ಆಟ ಮುಂದಿನ ಹಬ್ಬಕ್ಕೂ ಉಳಿಯುವುದು ಅದರ ಬೆಲೆ. ಒಂದು ಖಾತೆಯೊಳಗೆ ಕಟ್ಟಿಹಾಕಿದ ಆಟ ಇದನ್ನು ಮಾಡಲು ಹಿಂಜರಿಯುತ್ತದೆ. ಹಾಗೆಂದು ಇಳಿಸಿಕೊಳ್ಳುವ ಆಟವನ್ನೇ ಬಿಡಿ ಎಂದು ಹೇಳುವುದು ಕಾಲಕ್ಕೆ ಬೆನ್ನು ತಿರುಗಿಸಿದಂತೆ. ಈಗ ಅನೇಕ ಡಿಸ್ಕುಗಳೂ ಮೊದಲ ದಿನವೇ ಅಂತರ್ಜಾಲ ಕೇಳುತ್ತವೆ.

ಹಾಗಾದರೆ ಸೂಚಿಸುವವರು ನೋಡಬೇಕಾದದ್ದು ಏನು? ಚರಿತ್ರೆ ಮೂರು ಪ್ರಶ್ನೆಗಳನ್ನು ಕೊಡುತ್ತದೆ. ಒಮ್ಮೆ ಇಳಿಸಿದ ಮೇಲೆ ನೆಟ್ ಇಲ್ಲದೆಯೂ ಆಟ ನಡೆಯುತ್ತದೆಯೇ? ಒಂದೇ ಕೋಣೆಯಲ್ಲಿ ಕೂತು ಇಬ್ಬರು, ನಾಲ್ವರು ಆಡಬಹುದೇ, ಬಾರದವರು ಬೇಗ ಕಲಿಯಬಹುದೇ? ಮಾಡಿದವರು ಹಳೆಯ ಅಂಗಡಿ ಮುಚ್ಚಿದಾಗ ಆಟವನ್ನು ಹೊಸ ಕನ್ಸೋಲಿಗೆ ದಾಟಿಸಿದ್ದಾರೆಯೇ? ಈ ಅಳತೆಗೆ ‘ವರ್ಲ್ಡ್ ಆಫ್ ಗೂ’ ಇಂದಿಗೂ ನಿಲ್ಲುತ್ತದೆ. ವೀ ಅಂಗಡಿ ಮುಚ್ಚುವ ಮೊದಲೇ ಅದು ಸ್ವಿಚ್ಚಿಗೆ ಬಂದಿತ್ತು. ನಾಲ್ವರು ಸೇರಿ ಗಡಿಬಿಡಿಯ ಅಡುಗೆಮನೆ ನಡೆಸುವ ‘ಓವರ್‌ಕುಕ್ಡ್’ ನಿಲ್ಲುತ್ತದೆ. ಒಂದೇ ಪರದೆ ಹಂಚಿಕೊಂಡು ಹೊಲ ಮಾಡುವ ‘ಸ್ಟಾರ್‌ಡ್ಯೂ ವ್ಯಾಲಿ’ ನಿಲ್ಲುತ್ತದೆ. ‘ರಾಜಿ’ ಒಬ್ಬರ ಆಟವಾದರೂ 2022ರ ಆವೃತ್ತಿಯಲ್ಲಿ ಹಿಂದಿ ಮಾತು ಸೇರಿಸಿಕೊಂಡಿತು. 2023ರ ‘ವೆಂಬಾ’ ಕೆನಡಾಕ್ಕೆ ಹೋದ ತಮಿಳು ಮನೆಯೊಂದರ ಅಡುಗೆ ಪುಸ್ತಕದ ಮೂಲಕ ಮೂರು ತಾಸಿನೊಳಗೆ ತಾಯಿ-ಮಗನ ಬದುಕು ಹೇಳುತ್ತದೆ. ಇವನ್ನು ಮನೆಯವರೆಲ್ಲ ಸುತ್ತ ಕೂತು ನೋಡಬಹುದು.

ಇದರ ಜೊತೆಗೆ ಸಂಸ್ಥೆಗಳ ಪಾಲೂ ಇದೆ. ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕಾಗಿ ಕರ್ನಾಟಕ 2012ರಲ್ಲೇ ನೀತಿ ರೂಪಿಸಿತ್ತು. ಆಟ ಮಾಡುವುದಕ್ಕೆ ಕೊಡುವ ಪ್ರೋತ್ಸಾಹದಲ್ಲಿ ಒಂದು ಪಾಲು, ಮಾಡಿದ ಆಟದ ಪ್ರತಿಯೊಂದನ್ನು ಸಾರ್ವಜನಿಕ ಗ್ರಂಥಾಲಯದಲ್ಲಿ ಕಾಪಿಡುವುದಕ್ಕೂ ಹೋಗಬೇಕು. ಅಚ್ಚಾದ ಪುಸ್ತಕದ ಪ್ರತಿಯನ್ನು ಗ್ರಂಥಾಲಯಕ್ಕೆ ಸಲ್ಲಿಸಬೇಕೆಂಬ ಕಾನೂನು ಭಾರತದಲ್ಲಿ 1954ರಿಂದ ಇದೆ. ಕತೆ, ಚಿತ್ರ, ಸಂಗೀತ ಮೂರೂ ಕೂಡಿದ ಆಟಕ್ಕೆ ಅಷ್ಟೇ ಗೌರವ ಸಲ್ಲಬೇಕು. ಅದು ಸಲ್ಲುವವರೆಗೆ ಮನೆಗೆ ಆಟ ಸೂಚಿಸುವ ಪ್ರತಿಯೊಬ್ಬರೂ ಅದು ಎಷ್ಟು ಚೆನ್ನಾಗಿದೆ ಎನ್ನುವುದರ ಜೊತೆಗೆ ಎಷ್ಟು ದಿನ ನಿಮ್ಮ ಬಳಿ ಇರುತ್ತದೆ ಎಂಬುದನ್ನೂ ಹೇಳಬೇಕು. ಅರಸರ ಗ್ರಂಥಗಳಿಗೆ ಹೇಳಲಾಗದ ಆ ಎರಡನೆಯ ಮಾತನ್ನು ಕಾಲವೇ ಹೇಳಿತು. ನಮಗೆ ಅದನ್ನು ಮುಂಚಿತವಾಗಿಯೇ ಹೇಳುವ ಅವಕಾಶವಿದೆ.