ಜಾತ್ರೆಗೆ ಬಂದವರು: ವಿದುರಾಶ್ವತ್ಥದ ಒಂದು ಬೇಸಿಗೆ

ನಮ್ಮ ಕಡೆ ಬೇಸಿಗೆ ಎಂದರೆ ಜಾತ್ರೆಯ ಕಾಲ. ರಾಗಿ ಒಕ್ಕಣೆ ಮುಗಿದು ಕಣ ಖಾಲಿಯಾಗಿರುತ್ತದೆ, ಮುಂಗಾರಿನ ಉಳುಮೆಗೆ ಇನ್ನೂ ದಿನಗಳಿರುತ್ತವೆ. ಮಳೆಯನ್ನೇ ನಂಬಿದ ಈ ಸೀಮೆಯಲ್ಲಿ ರೈತನಿಗೆ ಬಿಡುವು ಸಿಗುತ್ತಿದ್ದುದು ಆ ಕೆಲವು ತಿಂಗಳಲ್ಲಿ ಮಾತ್ರ. ಹಬ್ಬಗಳ ಸಾಲು ಕೂತಿರುವುದೂ ಅಲ್ಲೇ. ಶಿವರಾತ್ರಿಗೆ ನಂದಿಯಲ್ಲಿ ಭೋಗನಂದೀಶ್ವರನ ತೇರು, ದನಗಳ ಜಾತ್ರೆ. ಬಿಸಿಲು ಏರಿದಂತೆ ಊರೂರಲ್ಲಿ ಗಂಗಮ್ಮ, ಮಾರಮ್ಮನ ಹಬ್ಬ, ತಲೆಯ ಮೇಲೆ ತಂಬಿಟ್ಟಿನ ದೀಪ ಹೊತ್ತ ಹೆಂಗಸರ ಸಾಲು. ಚಿಕ್ಕಬಳ್ಳಾಪುರ, ಶಿಡ್ಲಘಟ್ಟದಲ್ಲಿ ಕರಗ. ಆಷಾಢದ ಗುರುಪೂರ್ಣಿಮೆಗೆ ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ತಾತಯ್ಯನವರ ಗುರುಪೂಜೆ, ಹಗಲು ರಾತ್ರಿ ನಡೆಯುವ ಸಂಗೀತ.

ಬೇಸಿಗೆಗೂ ಹಬ್ಬಕ್ಕೂ ಇರುವ ನಂಟು ನಮ್ಮದೊಂದೇ ಅಲ್ಲ. ಜಪಾನಿನ ಕ್ಯೋಟೊ ನಗರದಲ್ಲಿ ಪ್ರತಿ ಜುಲೈನಲ್ಲಿ ಗಿಯೊನ್ ಉತ್ಸವ ನಡೆಯುತ್ತದೆ. ನಮ್ಮ ತೇರಿನಂತೆಯೇ ಎತ್ತರದ, ಮರದ ಚಕ್ರದ ರಥಗಳನ್ನು ಅಲ್ಲೂ ಹಗ್ಗ ಕಟ್ಟಿ ಎಳೆಯುತ್ತಾರೆ. ಲೋಕದ ಎಲ್ಲ ಕಡೆಯಿಂದ ಪ್ರವಾಸಿಗರು ಬರುವ ಈ ಹಬ್ಬದ ಮೂಲ 869ರ ಒಂದು ಸಾಂಕ್ರಾಮಿಕ ರೋಗ. ಊರು ಸಾಯುತ್ತಿದ್ದಾಗ ದೇವರನ್ನು ಶಾಂತಗೊಳಿಸಲು ಮಾಡಿದ ಪೂಜೆ ಅದು. ನಮ್ಮ ಮಾರಮ್ಮನ ಹಬ್ಬವೂ ಸಿಡುಬಿನ ಭಯದೊಡನೆ ಬೆಳೆದದ್ದೇ. ನೋಡಲು ಬಂದವರಿಗೆ ಬಣ್ಣ, ಬೆಳಕು, ತಿಂಡಿ ಕಾಣುತ್ತದೆ. ಅದರ ಕೆಳಗೆ ಊರಿನ ಸಾವಿನ ಲೆಕ್ಕವೊಂದು ಇರುತ್ತದೆ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಆ ಲೆಕ್ಕ ರೋಗದ್ದಲ್ಲ, ಗುಂಡಿನದು.

ವಿದುರಾಶ್ವತ್ಥ ಇರುವುದು ಉತ್ತರ ಪಿನಾಕಿನಿಯ ದಡದಲ್ಲಿ, ರೈಲು ಹಾದಿಯಲ್ಲಿ ಗೌರಿಬಿದನೂರಿಗೂ ಹಿಂದೂಪುರಕ್ಕೂ ನಡುವೆ. ಮಹಾಭಾರತದ ವಿದುರ ನೆಟ್ಟ ಅಶ್ವತ್ಥದ ಮರ ಇಲ್ಲಿತ್ತೆಂಬುದು ಜನರ ನಂಬಿಕೆ. ಆ ಹೆಸರಿನ ಹಳೆಯ ಮರ 2001ರಲ್ಲಿ ಉರುಳಿತು. ಸುತ್ತಲೂ ಸಾಲು ಸಾಲು ನಾಗರಕಲ್ಲುಗಳು. ಮಕ್ಕಳಾಗಲಿ, ನಾಗದೋಷ ಕಳೆಯಲಿ ಎಂದು ಹರಕೆ ಹೊತ್ತ ಮನೆಗಳವರು ತಲೆಮಾರುಗಳಿಂದ ತಂದು ನಿಲ್ಲಿಸಿದ ಕಲ್ಲುಗಳವು. ಅವನ್ನು ನೋಡಿದರೇ ತಿಳಿಯುತ್ತದೆ, ಇದು ಒಂದು ಊರಿನ ದೇವಸ್ಥಾನವಲ್ಲ. ಕನ್ನಡ, ತೆಲುಗು ಎರಡೂ ಮಾತಾಡುವ ಒಂದು ಇಡೀ ಸೀಮೆಯವರು ಬಂದು ಹೋಗುವ ಜಾಗ.

1938ರಲ್ಲಿ ಈ ಜಾಗದ ಪಕ್ಕದಲ್ಲೇ ಎರಡು ಆಡಳಿತಗಳ ಗಡಿ ಇತ್ತು. ಗೌರಿಬಿದನೂರು ಮೈಸೂರು ಸಂಸ್ಥಾನದ ಕೋಲಾರ ಜಿಲ್ಲೆಯಲ್ಲಿತ್ತು. ಹಿಂದೂಪುರ ಮದ್ರಾಸ್ ಪ್ರಾಂತ್ಯದ ಅನಂತಪುರ ಜಿಲ್ಲೆಯಲ್ಲಿತ್ತು. ಮದ್ರಾಸಿನಲ್ಲಿ 1937ರಿಂದ ರಾಜಾಜಿಯವರ ಕಾಂಗ್ರೆಸ್ ಮಂತ್ರಿಮಂಡಲವೇ ಅಧಿಕಾರದಲ್ಲಿತ್ತು. ಅಂದರೆ ಆ ಕಡೆ ತ್ರಿವರ್ಣ ಧ್ವಜ ಹಿಡಿದ ಪಕ್ಷ ಸರ್ಕಾರ ನಡೆಸುತ್ತಿತ್ತು. ಈ ಕಡೆ ಅದೇ ಧ್ವಜ ಹಾರಿಸಿದರೆ ಜೈಲು. ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ರಸ್ತೆ, ಕಾರ್ಖಾನೆ, ವಿದ್ಯುತ್ತಿನ ವಿಷಯದಲ್ಲಿ ಮುಂದಿದ್ದ ಸಂಸ್ಥಾನ ಜವಾಬ್ದಾರಿ ಸರ್ಕಾರದ ಮಾತು ಬಂದಾಗ ಮಾತ್ರ ಹಿಂದೆ ಸರಿಯುತ್ತಿತ್ತು.

ಏಪ್ರಿಲ್ ಎರಡನೇ ವಾರ ಮದ್ದೂರು ಬಳಿಯ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಸೇರಿತು. ನಿಷೇಧ ಮುರಿದು ಧ್ವಜ ಏರಿತು, ನಾಯಕರು ಬಂಧನಕ್ಕೆ ಒಳಗಾದರು. ಧ್ವಜ ಸತ್ಯಾಗ್ರಹ ಊರೂರಿಗೆ ಹಬ್ಬಿತು. ಗೌರಿಬಿದನೂರಿನ ಕಾರ್ಯಕರ್ತರು ಆರಿಸಿಕೊಂಡ ಜಾಗ ವಿದುರಾಶ್ವತ್ಥ, ಆರಿಸಿಕೊಂಡ ಹೊತ್ತು ಜಾತ್ರೆಯ ಹೊತ್ತು.

ಈ ಆಯ್ಕೆಯನ್ನು ಸ್ವಲ್ಪ ನಿಂತು ನೋಡಬೇಕು. ಫೋನಿಲ್ಲದ, ಬಸ್ಸು ಅಪರೂಪವಾಗಿದ್ದ, ಓದು ಬಲ್ಲವರು ಕಡಿಮೆಯಿದ್ದ ಕಾಲದಲ್ಲಿ ಹತ್ತಾರು ಹಳ್ಳಿಯ ಜನ ಯಾರ ಅಪ್ಪಣೆಯೂ ಬೇಡದೆ ಒಂದೆಡೆ ಸೇರುತ್ತಿದ್ದುದು ಸಂತೆಯಲ್ಲಿ, ಜಾತ್ರೆಯಲ್ಲಿ. ಸಭೆ ಕರೆದರೆ ಪೊಲೀಸರು ತಡೆಯಬಹುದು. ತೇರಿಗೆ ಬರುವವರನ್ನು ತಡೆಯುವುದು ಹೇಗೆ? ಮಹಾರಾಷ್ಟ್ರದಲ್ಲಿ ತಿಲಕರು ಗಣೇಶೋತ್ಸವವನ್ನು ಬಳಸಿದ್ದೂ ಇದೇ ತಿಳಿವಳಿಕೆಯಿಂದ. ಸರ್ಕಾರಕ್ಕೂ ಇದು ಗೊತ್ತಿತ್ತು. ಹಾಗಾಗಿಯೇ ಸಭೆ ಸೇರಬಾರದೆಂಬ ನಿಷೇಧಾಜ್ಞೆ ಬಂತು.

ಏಪ್ರಿಲ್ 25, ಸೋಮವಾರ. ನಿಷೇಧವಿದ್ದರೂ ಜನ ಸೇರಿದರು. ಪೊಲೀಸರು ಗುಂಡು ಹಾರಿಸಿದರು. ಸತ್ತವರು ಹತ್ತು ಮಂದಿ ಎಂಬುದು ಸರ್ಕಾರದ ಲೆಕ್ಕ. ಮೂವತ್ತಕ್ಕೂ ಹೆಚ್ಚು ಎಂಬುದು ಜನರ ಲೆಕ್ಕ. ಎಂಬತ್ತು ವರ್ಷ ದಾಟಿದರೂ ಎರಡು ಲೆಕ್ಕಗಳು ಒಂದಾಗಿಲ್ಲ.

ಯಾಕೆ ಒಂದಾಗಲಿಲ್ಲ ಎಂದು ಕೇಳಿಕೊಂಡರೆ, ಜಾತ್ರೆಯ ಸ್ವಭಾವದಲ್ಲೇ ಒಂದು ಉತ್ತರವಿದೆ ಎನಿಸುತ್ತದೆ. ಒಂದೇ ಊರಿನಲ್ಲಿ ಗುಂಡು ಹಾರಿದ್ದರೆ ಯಾವ ಮನೆಯಲ್ಲಿ ಯಾರಿಲ್ಲ ಎಂದು ಸಂಜೆಯೊಳಗೆ ಇಡೀ ಊರಿಗೆ ತಿಳಿಯುತ್ತಿತ್ತು. ಇಲ್ಲಿ ಬಂದವರೆಲ್ಲ ಬೇರೆ ಬೇರೆ ಊರಿನವರು, ಗಡಿಯಾಚೆಯವರೂ ಇದ್ದಿರಬೇಕು. ಸಂಸ್ಥಾನದ ಕಾಗದದಲ್ಲಿ ಬರೆಸಿಕೊಳ್ಳಲು ಗಾಯಾಳು ಮುಂದೆ ಬಂದರೆ ಆಸ್ಪತ್ರೆಯ ಜೊತೆಗೆ ಮೊಕದ್ದಮೆಯೂ ಕಾದಿರುವ ದಿನಗಳವು. ದೂರದ ಹಳ್ಳಿಯಲ್ಲಿ ಆಮೇಲೆ ಸತ್ತವನು ಯಾವ ಪಟ್ಟಿಗೆ ಸೇರಬೇಕು?

ಸುದ್ದಿ ದೇಶವೆಲ್ಲ ಹರಡಿತು. ದಕ್ಷಿಣದ ಜಲಿಯನ್‌ವಾಲಾಬಾಗ್ ಎಂಬ ಹೆಸರು ಊರಿಗೆ ಅಂಟಿಕೊಂಡಿತು. ಸರ್ಕಾರ ಮದ್ರಾಸಿನ ನಿವೃತ್ತ ನ್ಯಾಯಾಧೀಶ ವೇಪಾ ರಾಮೇಶಂ ಅವರ ನೇತೃತ್ವದಲ್ಲಿ ವಿಚಾರಣಾ ಸಮಿತಿ ನೇಮಿಸಿತು. ಗಾಂಧೀಜಿ ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿಯವರನ್ನು ಬೆಂಗಳೂರಿಗೆ ಕಳಿಸಿದರು. ಮೇ ತಿಂಗಳಲ್ಲಿ ಮಿರ್ಜಾ–ಪಟೇಲ್ ಒಪ್ಪಂದವಾಯಿತು: ಮೈಸೂರು ಕಾಂಗ್ರೆಸ್ಸಿಗೆ ಮಾನ್ಯತೆ, ಸತ್ಯಾಗ್ರಹಿಗಳ ಬಿಡುಗಡೆ, ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಲು ಅವಕಾಶ. ಏಪ್ರಿಲ್‌ನಲ್ಲಿ ಪ್ರಾಣ ತೆಗೆಯುವಷ್ಟು ದೊಡ್ಡದಾಗಿದ್ದ ಅಪರಾಧ ಒಂದು ತಿಂಗಳೊಳಗೆ ಅಪರಾಧವೇ ಆಗಿರಲಿಲ್ಲ. ಜವಾಬ್ದಾರಿ ಸರ್ಕಾರಕ್ಕೆ ಮಾತ್ರ 1947ರ ಮೈಸೂರು ಚಲೋ ಚಳವಳಿಯವರೆಗೆ ಕಾಯಬೇಕಾಯಿತು.

ಈಗ ವಿದುರಾಶ್ವತ್ಥದಲ್ಲಿ ಹುತಾತ್ಮರ ಸ್ಮಾರಕವಿದೆ, ಸ್ವಾತಂತ್ರ್ಯ ಹೋರಾಟದ ಚಿತ್ರಗಳಿರುವ ವೀರಸೌಧವಿದೆ. ಬೆಂಗಳೂರಿನಿಂದ ವಾರಾಂತ್ಯಕ್ಕೆ ಬರುವವರೂ ಹೆಚ್ಚಿದ್ದಾರೆ. ಬಹುಪಾಲು ಜನ ನಾಗರಕಲ್ಲಿಗೆ ಹಾಲೆರೆದು, ಫೋಟೊ ತೆಗೆದುಕೊಂಡು ಹೊರಟುಬಿಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ. 1938ರಲ್ಲಿ ಬಂದವರಲ್ಲೂ ಎಷ್ಟೋ ಜನ ಧ್ವಜಕ್ಕೆಂದು ಬಂದವರಲ್ಲ, ಹರಕೆಗೆಂದು ಬಂದವರೇ ಇರಬೇಕು.

ನೀವು ಬೇಸಿಗೆಯಲ್ಲಿ ನಮ್ಮ ಜಿಲ್ಲೆಯ ಜಾತ್ರೆಗಳಿಗೆ ಬನ್ನಿ. ತೇರಿಗೆ ದವನ, ಬಾಳೆಹಣ್ಣು ಎಸೆಯಿರಿ. ಅರವಟ್ಟಿಗೆಯಲ್ಲಿ ಕೊಡುವ ಪಾನಕ, ಮಜ್ಜಿಗೆ ಬೇಡವೆನ್ನಬೇಡಿ. ಬೆಂಡು ಬತ್ತಾಸು, ಕಡ್ಲೆಪುರಿ ಕಟ್ಟಿಸಿಕೊಳ್ಳಿ. ದೀಪ ಹೊತ್ತವರ ಫೋಟೊ ತೆಗೆಯುವ ಮುಂಚೆ ಒಂದು ಮಾತು ಕೇಳಿ. ವಿದುರಾಶ್ವತ್ಥಕ್ಕೆ ಬಂದರೆ ದೇವಸ್ಥಾನದಷ್ಟೇ ಹೊತ್ತನ್ನು ಸ್ಮಾರಕದ ಮುಂದೆಯೂ ಕಳೆಯಿರಿ.

ಗೌರಿಬಿದನೂರು, ಹಿಂದೂಪುರದ ಸುತ್ತಿನ ಹಳ್ಳಿಯವರೇ ನೀವಾಗಿದ್ದರೆ ಇನ್ನೂ ಒಂದು ಕೆಲಸವಿದೆ. ಆ ವರ್ಷ ಜಾತ್ರೆಗೆ ಹೋಗಿ ಮರಳದವರ, ಗಾಯಗೊಂಡು ಮರಳಿದವರ ಕತೆ ಮನೆಯಲ್ಲಿ ಯಾರಾದರೂ ಹೇಳಿದ್ದರೆ, ಅಜ್ಜಿ ತಾತಂದಿರು ಇರುವಾಗಲೇ ಹೆಸರು, ಊರು ಸಮೇತ ಬರೆದಿಡಿ. ಹತ್ತಕ್ಕೂ ಮೂವತ್ತಕ್ಕೂ ನಡುವೆ ಕಾಣೆಯಾದವರು ಯಾರೆಂದು ಹೇಳಬಲ್ಲವರು ಇನ್ನು ಆ ಮನೆಗಳವರು ಮಾತ್ರ.